ಎಂಬತ್ತು ಸೆಂಟಿಮೀಟರ್ ದಾರಿ

ಫ್ರೆಡರಿಕ್ಸ್‌ಹಾವ್ನ್,
ಭಾನುವಾರ, 14 ಅಕ್ಟೋಬರ್ 2012

ಪ್ರೀತಿಯ ಬೊಡಿಲ್,

ಹೇಗಿದ್ದೀಯ? ಸೊಂಟದ ಹೊಲಿಗೆಯ ಗುರುತು ಈಗಲೂ ತುರಿಸುತ್ತದೆಯೆ? ಆ ಮಗ್ಗುಲಿಗೆ ಮಲಗಲು ಡಾಕ್ಟರು ಬಿಟ್ಟರೆ? ಕಾಲುಚೀಲ ನೀನೇ ಹಾಕಿಕೊಳ್ಳುತ್ತೀಯೋ, ಇಲ್ಲ ಇನ್ನೂ ನಿನ್ನ ತಂಗಿ ಎರ್ನಾಳೇ ಹಾಕಬೇಕೋ? ಅವಳ ಕಾಫಿ ಡಾಂಬರಿನ ಹಾಗಿರುತ್ತದೆ, ಸಂಜೆ ಕುಡಿಯಬೇಡ, ನಿದ್ದೆ ಬರುವುದಿಲ್ಲ. ಫೋನಿನಲ್ಲಿ ಕೇಳಿದರೆ ನೀನು ‘ಎಲ್ಲಾ ಚೆನ್ನಾಗಿದೆ’ ಅನ್ನುತ್ತೀಯ, ನಾನು ‘ಇಲ್ಲೂ ಚೆನ್ನಾಗಿದೆ’ ಅನ್ನುತ್ತೇನೆ, ಆಮೇಲೆ ಇಬ್ಬರೂ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ಮಾತಾಡಿ ಇಟ್ಟುಬಿಡುತ್ತೇವೆ. ಅದಕ್ಕೇ ಕಾಗದ ಬರೆಯೋಣ ಅನ್ನಿಸಿತು. ನಿನ್ನ ಪರಿಚಯವಾದ ಐವತ್ತು ವರ್ಷದಲ್ಲಿ ನಾನು ನಿನಗೆ ಬರೆಯುತ್ತಿರುವ ಎರಡನೇ ಕಾಗದ ಇದು. ಮೊದಲನೆಯದು ಸೈನ್ಯದ ತರಬೇತಿಯಿಂದ ಬರೆದದ್ದು. ಅದರಲ್ಲಿ ಹೆಚ್ಚಾಗಿ ಉಣ್ಣೆಯ ಕಾಲುಚೀಲದ ವಿಷಯವೇ ಇತ್ತು ಅಂತ ನೆನಪು. ಇದು ಸ್ವಲ್ಪ ಉದ್ದ ಆಗಬಹುದು. ಬೆನ್ನಿಗೆ ದಿಂಬು ಇಟ್ಟುಕೊಂಡು ಓದು.

ಮೊದಲು ಒಂದು ತಪ್ಪೊಪ್ಪಿಗೆ. ಆಗಸ್ಟಿನಲ್ಲಿ, ಆಪರೇಷನ್ನಿಗೆ ಮುಂಚೆ, ಪುರಸಭೆಯಿಂದ ವ್ಯಾಯಾಮ ಹೇಳಿಕೊಡುವ ಹುಡುಗಿ ತ್ರೀನೆ ಮನೆ ನೋಡಲು ಬಂದಿದ್ದಳಲ್ಲ, ಆ ದಿನದ್ದು. ಅವಳು ನಮ್ಮ ಹಜಾರದಲ್ಲಿ ಗೋಡೆಯಿಂದ ನನ್ನ ಪೆಟ್ಟಿಗೆಗಳವರೆಗೆ ಟೇಪು ಹಿಡಿದು ‘ನಲವತ್ತೊಂದು’ ಅಂದಳು. ಬಚ್ಚಲ ಬಾಗಿಲಲ್ಲಿ ‘ಮೂವತ್ತಾರು’. ಆಮೇಲೆ ನನ್ನ ಮುಖ ನೋಡಿ, ‘ವಾಕರ್ ಹೋಗೋಕೆ ಎಂಬತ್ತು ಸೆಂಟಿಮೀಟರ್ ಬೇಕು. ಇಷ್ಟರಲ್ಲಿ ಬೊಡಿಲ್ ಅವರನ್ನ ಮನೆಗೆ ಕಳಿಸಿ ಅಂತ ನಾನು ಆಸ್ಪತ್ರೆಗೆ ಹೇಳೋಕಾಗಲ್ಲ’ ಅಂದಳು. ನಾನು ಏನು ಹೇಳಿದೆ ಅಂತ ನಿನಗೆ ನೆನಪಿರುತ್ತದೆ: ‘ಅವಳು ತೆಳ್ಳಗಿದ್ದಾಳೆ, ಅಡ್ಡ ತಿರುಗಿ ಹೋಗ್ತಾಳೆ ಬಿಡಿ.’ ನೀನು ಸಿಂಕಿನ ಹತ್ತಿರ ಲೋಟ ಒರೆಸುತ್ತ ನಿಂತಿದ್ದೆ. ಸಿಟ್ಟು ಮಾಡಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. ‘ಎರ್ನಾ ಮನೇಲಿ ಮೆಟ್ಟಿಲಿಲ್ಲ. ಆಸ್ಪತ್ರೆಯಿಂದ ನೇರ ಅಲ್ಲಿಗೇ ಹೋಗ್ತೀನಿ’ ಅಂದೆ. ಹಡಗಿನಲ್ಲಿ ಒಂದೂವರೆ ಗಂಟೆ ದೂರದ ದ್ವೀಪಕ್ಕೆ ಹೊಸ ಸೊಂಟ ಇಟ್ಟುಕೊಂಡು ಹೋಗುವ ಮಾತನ್ನು ಪಕ್ಕದ ಬೀದಿಗೆ ಹಾಲು ತರಲು ಹೋಗುವ ಹಾಗೆ ಹೇಳಿದೆ. ತಪ್ಪೊಪ್ಪಿಗೆ ಏನೆಂದರೆ, ಆಗ ನನಗೆ ಸಮಾಧಾನವಾಯಿತು. ಸದ್ಯ, ಒಂದು ಪೆಟ್ಟಿಗೆಯನ್ನೂ ಅಲ್ಲಾಡಿಸಬೇಕಿಲ್ಲವಲ್ಲ ಅಂತ. ನಿನ್ನನ್ನು ಹಡಗಿಗೆ ಹತ್ತಿಸಿ ಮನೆಗೆ ಬಂದು, ನಾನೇ ಅಡ್ಡ ತಿರುಗಿ ಹಜಾರ ದಾಟಿ, ಮೀನಿನ ಡಬ್ಬಿ ತೆರೆದು ಊಟ ಮಾಡಿದೆ.

ಹೀಗೇ ಮೂರು ವಾರ ಕಳೆದೆ. ಸೆಪ್ಟೆಂಬರಿನಲ್ಲಿ ಒಂದು ಸೋಮವಾರ ತ್ರೀನೆ ಫೋನ್ ಮಾಡಿದಳು. ಮನೆ ಖಾಲಿ ಮಾಡಿದಿರಾ ಅಂತ ಕೇಳಿದಳು. ನನ್ನ ಬಾಯಿ ನನ್ನನ್ನು ಕೇಳದೆ ‘ಹೂಂ, ಎಲ್ಲಾ ಆಯ್ತು’ ಅಂದುಬಿಟ್ಟಿತು. ‘ಒಳ್ಳೇದಾಯ್ತು, ಶುಕ್ರವಾರ ಬಂದು ಅಳತೆ ತಗೋತೀನಿ’ ಅಂದಳು ಆ ಘಾಟಿ. ಫೋನಿಟ್ಟು ಸುತ್ತ ನೋಡಿದೆ. ಸುಟ್ಟ ಮೋಟಾರುಗಳು, ತಾಮ್ರದ ಸುರುಳಿಗಳು, ಹನ್ನೊಂದು ವ್ಯಾಕ್ಯೂಮ್ ಕ್ಲೀನರ್, ಅದರಲ್ಲಿ ಧೂಳು ಎಳೆಯುವುದು ಒಂದೇ, ಅದೂ ನಿನ್ನದು. ನಾಲ್ಕು ದಿನ ಇತ್ತು. ಪಕ್ಕದ ಮನೆಯ ಪ್ರೇಬೆನ್ ತನ್ನ ಕಾರಿಗೆ ಟ್ರೇಲರ್ ಸಿಕ್ಕಿಸುತ್ತಿದ್ದ, ಅವನ ತೋಟದ ಕಸ ಸಾಗಿಸಲು. ಬೇಲಿಯ ಹತ್ತಿರ ಹೋಗಿ ನಿಂತೆ. ಕೇಳಲು ನಾಲಿಗೆ ಏಳಲಿಲ್ಲ. ಅವನೇ ಅರ್ಥ ಮಾಡಿಕೊಂಡು, ‘ಎಷ್ಟು ಲೋಡು ಇದೆಯೋ?’ ಅಂದ. ‘ಎರಡಾಗಬಹುದು’ ಅಂದೆ. ಈವರೆಗೆ ಹತ್ತೊಂಬತ್ತು ಆಗಿದೆ.

ಮೊದಲ ದಿನ ನಡೆದದ್ದನ್ನು ಪ್ರೇಬೆನ್ ಇಡೀ ಬೀದಿಗೆ ಹೇಳಿದ್ದಾನೆ, ಆದ್ದರಿಂದ ನಾನೇ ಹೇಳಿಬಿಡುವುದು ಮೇಲು. ಪುರಸಭೆಯ ಕಸದ ಅಂಗಳದಲ್ಲಿ ನಮ್ಮ ಲೋಡು ಇಳಿಸುತ್ತಿದ್ದಾಗ ಪಕ್ಕದಲ್ಲಿ ಯಾರೋ ಒಂದು ಹೊಲಿಗೆ ಯಂತ್ರ ಇಟ್ಟು ಹೋದರು. ಚಕ್ರ ತಿರುಗಿಸಿ ನೋಡಿದೆ, ಬೆಣ್ಣೆಯ ಹಾಗೆ ತಿರುಗಿತು. ಅದನ್ನು ಕಾರಿನ ಹಿಂದಿನ ಸೀಟಿಗೆ ಇಡುತ್ತಿರುವಾಗ ಪ್ರೇಬೆನ್ ಹಿಂದಿನಿಂದ ಕೂಗಿದ: ‘ಲೋ ತೊರ್ಕಿಲ್, ಕಸ ಹಾಕೋಕೆ ಬಂದಿದ್ಯೋ, ಸಂತೆಗೆ ಬಂದಿದ್ಯೋ? ಇಳಿಸೋ ಅದನ್ನ! ಬೊಡಿಲ್‌ಗೆ ಫೋನ್ ಮಾಡ್ತೀನಿ ನೋಡು!’ ಸುತ್ತ ಇದ್ದವರೆಲ್ಲ ನಕ್ಕರು. ಇಳಿಸಿದೆ. ತಮಾಷೆಯಲ್ಲ ಬೊಡಿಲ್. ಅಷ್ಟು ಚೆನ್ನಾಗಿ ತಿರುಗುವ ಚಕ್ರವನ್ನು ಅಲ್ಲಿ ಬಿಟ್ಟು ಬರುವುದು ಒಂದು ನಾಯಿಮರಿಯನ್ನು ಬಿಟ್ಟು ಬಂದ ಹಾಗಿತ್ತು. ಮಾರನೇ ದಿನ ಒಂದಷ್ಟು ಪೆಟ್ಟಿಗೆಗಳನ್ನು ಪ್ರೇಬೆನ್‌ಗೆ ತಿಳಿಯದ ಹಾಗೆ ಹಿಂದಿನ ಶೆಡ್ಡಿಗೆ ಸಾಗಿಸಿದ್ದೂ ನಿಜ. ಅವನು ಶೆಡ್ಡಿನ ಬಾಗಿಲು ತೆರೆದು ನೋಡಿ, ತಲೆಯ ಟೋಪಿ ತೆಗೆದು, ಸಾವಿನ ಮನೆಯಲ್ಲಿ ನಿಂತ ಹಾಗೆ ಒಂದು ನಿಮಿಷ ನಿಂತ. ಅದಕ್ಕೆ ನಾನೇ ನಕ್ಕುಬಿಟ್ಟೆ. ಅವೂ ಹೋದವು.

ಶುಕ್ರವಾರ ತ್ರೀನೆ ಬಂದಳು. ಹಜಾರ ಅರವತ್ತೆರಡು. ಸುಳ್ಳು ಹೇಳಿದ್ದಕ್ಕೆ ಬೈಯುತ್ತಾಳೆ ಅಂದುಕೊಂಡಿದ್ದೆ. ‘ಪರವಾಗಿಲ್ಲ, ಇನ್ನು ಹದಿನೆಂಟು ತಾನೇ’ ಅಂದಳು. ಆಮೇಲೆ ಅಡುಗೆಮನೆಗೆ ಬಂದು ಕುರ್ಚಿಗಳ ಎತ್ತರ ಅಳೆಯಬೇಕು, ಸೊಂಟದ ಆಪರೇಷನ್ ಆದವರಿಗೆ ತಗ್ಗಿನ ಕುರ್ಚಿ ಆಗುವುದಿಲ್ಲ ಅಂತ ಹೇಳಿ, ‘ಬೊಡಿಲ್ ಅವರು ಕೂತ್ಕೊಳ್ಳೋದು ಯಾವುದು?’ ಅಂತ ಕೇಳಿದಳು. ನಾನು ಕಿಟಕಿಯ ಕಡೆಯದನ್ನು ತೋರಿಸಿದೆ. ಅದರ ಮೇಲೆ ಸುರುಳಿಗಳ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ರೇಡಿಯೋ, ರೇಡಿಯೋ ಮೇಲೆ ಪೇಪರಿನ ಕಟ್ಟು. ತ್ರೀನೆ ಟೇಪನ್ನು ಮಡಚಿ ಜೇಬಿಗೆ ಹಾಕಿಕೊಂಡು, ಮೆಲ್ಲಗೆ, ‘ಹಾಗಾದ್ರೆ ಅವರು ಎಲ್ಲಿ ಕೂತು ಊಟ ಮಾಡ್ತಾ ಇದ್ರು?’ ಅಂದಳು.

ಅವಳು ಹೋದ ಮೇಲೆ ಆ ಕುರ್ಚಿಯನ್ನು ಖಾಲಿ ಮಾಡಿದೆ. ಎಲ್ಲಕ್ಕಿಂತ ಅಡಿಯಲ್ಲಿ ಇದ್ದ ಪೇಪರು 2001ರ ಮಾರ್ಚಿನದು. ಹನ್ನೊಂದು ವರ್ಷ, ಬೊಡಿಲ್. ನನ್ನ ಕುರ್ಚಿಯಲ್ಲಿ ಕೂತು ನೆನಪು ಮಾಡಿಕೊಂಡೆ: ನೀನು ಸಿಂಕಿನ ಪಕ್ಕದ ಕಟ್ಟೆಗೆ ಒರಗಿ ನಿಂತು, ತಟ್ಟೆಯನ್ನು ಎದೆಯ ಹತ್ತಿರ ಹಿಡಿದು, ರೈ ರೊಟ್ಟಿ ತಿನ್ನುತ್ತಿರುವುದು. ಬೆಳಿಗ್ಗೆಯೂ ಹಾಗೇ, ಸಂಜೆಯೂ ಹಾಗೇ. ಒಂದು ಸಲ, ಶುರುವಿನಲ್ಲಿ, ಯಾಕೆ ನಿಂತಿದ್ದೀಯ ಅಂತ ಕೇಳಿದ್ದೆ ಅನ್ನಿಸುತ್ತದೆ. ‘ನಂಗೆ ನಿಂತೇ ಅಭ್ಯಾಸ’ ಅಂದಿದ್ದೆ ನೀನು. ನಾನು ಅದನ್ನೇ ನಂಬಿದೆ. ಅಷ್ಟೇ ಅಲ್ಲ, ನಿನ್ನ ಕಾಲಿಗೆ ಚಕ್ರ ಇದೆ, ಒಂದು ಕಡೆ ಕೂರುವವಳಲ್ಲ ಅಂತ ಬೇರೆಯವರ ಎದುರು ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ನೀನೂ ನಕ್ಕಿದ್ದೀಯ. ಮೂಳೆ ಸವೆದದ್ದು ವಯಸ್ಸಿಗೆ ಅಂತ ಡಾಕ್ಟರು ಹೇಳಿದರು. ಅದು ನಿಜವಾಗಿರಲಿ ಅಂತ ಬೇಡಿಕೊಳ್ಳುತ್ತೇನೆ. ನಿಜವೇ ಆಗಿದ್ದರೂ, ಆ ನೋವಿನ ಸೊಂಟ ಇಟ್ಟುಕೊಂಡು ಕೊನೆಯ ಎರಡು ವರ್ಷ ನೀನು ನಿಂತುಕೊಂಡೇ ಉಂಡೆ, ನಾನು ಎದುರಿಗೆ ಕೂತು ಉಪ್ಪು ಕೊಡು ಅಂದೆ.

ಆ ದಿನದ ಮೇಲೆ ಪ್ರೇಬೆನ್‌ನ ಬೈಗುಳ ಬೇಕಾಗಲಿಲ್ಲ. ಆದರೆ ಕೈಯಲ್ಲಿ ಒಂದೊಂದನ್ನೇ ಹಿಡಿದಾಗ ಇದನ್ನು ಯಾಕೆ ತಂದೆ ಅಂತ ಯೋಚನೆ ಬರುತ್ತಿತ್ತು. ಹೆಚ್ಚಿನವು ಹಡಗು ಕಾರ್ಖಾನೆ ಮುಚ್ಚಿದ ವರ್ಷದವು. ಕೊನೆಯ ವಾರ ನಮ್ಮ ವರ್ಕ್‌ಶಾಪಿನ ಸಾಮಾನನ್ನೆಲ್ಲ ತೊಟ್ಟಿಗೆ ಸುರಿಯುತ್ತಿದ್ದರು, ನಾನು ದಿನಾ ಸಂಜೆ ಸೈಕಲ್ಲಿಗೆ ಕಟ್ಟಿಕೊಂಡು ತಂದೆ. ‘ಯಾವತ್ತಾದ್ರೂ ಬೇಕಾಗುತ್ತೆ’ ಅಂತ ನಿನಗೆ ಹೇಳುತ್ತಿದ್ದೆ. ಯಾರಿಗೆ ಬೇಕಾಗುತ್ತೆ ಅಂತ ಹೇಳಲಿಲ್ಲ. ಕೊನೆಯ ದಿನ ಮೇಸ್ತ್ರಿ ಕೈಕುಲುಕಿ ‘ಕೆಲಸ ಬಂದ್ರೆ ಕರೀತೀವಿ ತೊರ್ಕಿಲ್’ ಅಂದಿದ್ದ. ಎಲ್ಲರಿಗೂ ಹಾಗೇ ಹೇಳಿದ. ಉಳಿದವರು ಅದನ್ನು ಗೇಟಿನಲ್ಲೇ ಬಿಟ್ಟು ಹೋದರು, ನಾನು ಮನೆಗೆ ತಂದೆ. ಕರೆದರೆ ತಯಾರಿರಬೇಕು ಅಂತ ಹದಿಮೂರು ವರ್ಷ ಮನೆಯಲ್ಲೇ ಒಂದು ವರ್ಕ್‌ಶಾಪು ಇಟ್ಟುಕೊಂಡು ಕೂತೆ. ನಾವಿಬ್ಬರು ಇರಬೇಕಾದ ಮನೆಯಲ್ಲಿ ಬಾರದ ಕೆಲಸವೊಂದು ಇತ್ತು, ಅದಕ್ಕೆ ಕುರ್ಚಿಯೂ ಇತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ, ನನಗೇ ಹೇಳಿಕೊಂಡಿರಲಿಲ್ಲ. ಎಪ್ಪತ್ತೊಂದು ವಯಸ್ಸಿನಲ್ಲಿ, ಕೈಯಲ್ಲಿ ತುಕ್ಕು ಹಿಡಿದ ಮೋಟಾರು ಹಿಡಿದುಕೊಂಡು, ಇನ್ನು ಯಾರೂ ಕರೆಯುವುದಿಲ್ಲ ಅಂತ ಒಪ್ಪಿಕೊಂಡೆ. ಅಳು ಬರುತ್ತದೆ ಅಂದುಕೊಂಡೆ, ಬರಲಿಲ್ಲ. ಹಸಿವಾಯಿತು.

ಇನ್ನೊಂದು ಸಣ್ಣ ಸಂಗತಿ. ಒಂದು ಮಂಗಳವಾರ ವಾಷರುಗಳ ಡಬ್ಬಿಯನ್ನು ಎಸೆದೆ. ಅದೇ ಶುಕ್ರವಾರ ಅಡುಗೆಮನೆಯ ನಲ್ಲಿ ಸೋರಲು ಶುರುವಾಯಿತು. ನೋಡಿದೆಯಾ, ನಾನು ಹೇಳಿರಲಿಲ್ಲವೆ ಅಂತ ಖಾಲಿ ಮನೆಯಲ್ಲಿ ಜೋರಾಗಿ ಕೂಗಿದೆ. ಅರ್ಧ ಗಂಟೆ ನಲ್ಲಿಯ ಮೇಲೆ ಸಿಟ್ಟು ಮಾಡಿ, ಕೊನೆಗೆ ಪ್ರೇಬೆನ್‌ನ ಬಾಗಿಲು ತಟ್ಟಿದೆ. ಈ ಸಲ ಬಾಯಿ ಬಿಟ್ಟೇ ಕೇಳಿದೆ, ಒಂದು ವಾಷರ್ ಇದೆಯಾ ಅಂತ. ಅವನು ಬಾಗಿಲಲ್ಲೇ ನಿಂತು ನನ್ನನ್ನು ನೋಡಿದ. ‘ಇಪ್ಪತ್ತಾರು ವರ್ಷದಿಂದ ಪಕ್ಕದಲ್ಲಿದ್ದೀಯ. ಒಂದು ದಿನ ಬಂದು ಏನಾದ್ರೂ ಕೇಳಿದ್ಯೇನೋ? ನಿಂಗೆ ನಮ್ಮ ಸಹವಾಸಾನೇ ಬೇಡ ಅಂದ್ಕೊಂಡಿದ್ದೆ ಕಣೋ’ ಅಂದ. ಒಳಗೆ ಕರೆದು ಕಾಫಿ ಮಾಡಿದ, ಅವನ ಮರದ ಸೇಬಿನಲ್ಲಿ ತಾನೇ ಮಾಡಿದ ಕೇಕು ಕೊಟ್ಟ. ಕೇಕು ಇಟ್ಟಿಗೆಯ ಹಾಗಿತ್ತು, ಎರಡು ತುಂಡು ತಿಂದೆ. ಮನೆಗೆ ಬರುವಾಗ ಯೋಚಿಸಿದೆ. ಎಲ್ಲದರಲ್ಲೂ ಒಂದೊಂದು ಇಟ್ಟುಕೊಂಡರೆ ಯಾರ ಮುಂದೂ ಕೈ ಚಾಚಬೇಕಿಲ್ಲ ಅಂತ ಇದ್ದೆ, ಅದನ್ನೇ ದೊಡ್ಡಸ್ತಿಕೆ ಅಂದುಕೊಂಡಿದ್ದೆ. ಕೈ ಚಾಚದವನ ಮನೆಗೆ ಯಾರೂ ಬರುವುದೂ ಇಲ್ಲ ಅಂತ ಹೊಳೆದಿರಲಿಲ್ಲ.

ಈಗ ಮನೆ ಹೇಗಿದೆ ಅಂತ ಕೇಳುತ್ತೀಯೇನೋ. ದನಿ ಬದಲಾಗಿದೆ. ಕೆಮ್ಮಿದರೆ ಹಜಾರದ ತುದಿಯಿಂದ ಕೆಮ್ಮು ವಾಪಸು ಬರುತ್ತದೆ, ಮೊದಲ ವಾರ ಯಾರೋ ಬಂದರು ಅಂತ ಎದ್ದು ಹೋಗಿ ನೋಡುತ್ತಿದ್ದೆ. ಮಲಗುವ ಕೋಣೆಯ ಪೂರ್ವದ ಕಿಟಕಿಯಿಂದ ಬಂದರು ಕಾಣುತ್ತದೆ, ಇದು ನಿನಗೆ ಗೊತ್ತಿತ್ತೆ? ನನಗೆ ಮರೆತೇ ಹೋಗಿತ್ತು. ಬೆಳಿಗ್ಗೆ ಎದ್ದ ಕೂಡಲೇ ಇವತ್ತು ಯಾವುದನ್ನು ರಿಪೇರಿ ಮಾಡಬೇಕಿತ್ತು ಅನ್ನುವ ಭಾರ ಎದೆಯ ಮೇಲೆ ಇರುತ್ತಿತ್ತು, ಅದಿಲ್ಲ. ಎಲ್ಲ ಎಸೆದೆ ಅಂತ ತಿಳಿಯಬೇಡ, ಒಂದು ಕಪಾಟು ತುಂಬ ಉಳಿಸಿಕೊಂಡಿದ್ದೇನೆ, ಅದಕ್ಕೆ ಬಾಗಿಲಿದೆ. ನಿನ್ನ ಯಾವ ಸಾಮಾನನ್ನೂ ಮುಟ್ಟಿಲ್ಲ. ಮುಟ್ಟಲು ಹುಡುಕಿದರೆ, ಇಡೀ ಮನೆಯಲ್ಲಿ ನಿನ್ನದು ಅಂತ ಇದ್ದದ್ದು ಒಂದು ಬೀರುವಿನ ಅರ್ಧ ಭಾಗ ಮತ್ತು ಕಿಟಕಿಯ ಜೆರೇನಿಯಂ ಕುಂಡ. ಅದಕ್ಕೆ ನೀರು ಹಾಕುತ್ತಿದ್ದೇನೆ. ಕಳೆದ ಸೋಮವಾರ ತ್ರೀನೆ ನಿಜವಾದ ವಾಕರ್ ತಂದು, ‘ನೀವೇ ತಳ್ಳಿ ನೋಡಿ’ ಅಂದಳು. ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಅಡುಗೆಮನೆಗೆ, ಎಲ್ಲೂ ತಾಗದೆ ಹೋದೆ. ಎಂಬತ್ತೆರಡು. ‘ಇನ್ನು ಯಾವಾಗ ಬೇಕಾದ್ರೂ ಬರಬಹುದು’ ಅಂತ ಕಾಗದದ ಮೇಲೆ ಸಹಿ ಹಾಕಿ ಹೋದಳು.

ನಾನು ಕೇಳಿದೆ ಅಂತ ಎರ್ನಾಳಿಗೆ ಹೇಳು, ಅವಳ ಕಾಫಿಯ ಬಗ್ಗೆ ಬರೆದದ್ದನ್ನು ಓದಿ ಹೇಳಬೇಡ. ಗಾಳಿಯಲ್ಲಿ ಹೊರಗೆ ಹೋದರೆ ಕಿವಿ ಮುಚ್ಚಿಕೊ. ನಿನ್ನ ಸೊಂಟ ನಿನ್ನ ಮಾತು ಕೇಳಲಿ, ನಿದ್ದೆ ಚೆನ್ನಾಗಿ ಬರಲಿ.

ನಿನ್ನ,
ತೊರ್ಕಿಲ್

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಇರಲಿಲ್ಲ. ಬುಧವಾರ ಫೋನ್ ಮಾಡಿದಾಗ ನೀನು ಅಂಗಡಿಗೆ ಹೋಗಿದ್ದೆ, ಎರ್ನಾ ಎತ್ತಿದಳು. ವಾಕರ್ ದಾರಿ ತಯಾರಾಯಿತು ಅಂತ ಹೆಮ್ಮೆಯಿಂದ ಹೇಳಿದೆ. ‘ಅಯ್ಯೋ, ಅವಳು ವಾಕರ್ ವಾಪಸ್ ಕೊಟ್ಟು ಮೂರು ವಾರ ಆಯ್ತಲ್ಲ ಭಾವ’ ಅಂದಳು. ಅವಳನ್ನು ಬೈಯಬೇಡ. ಹಾಗಾದರೆ ನೀನು ಬಾರದೆ ಇರುವುದು ಹಜಾರಕ್ಕಾಗಿ ಅಲ್ಲ, ಗೊತ್ತಾಯಿತು. ಗುರುವಾರ ಬೆಳಗಿನ ಹಡಗಿಗೆ ಬರುತ್ತಿದ್ದೇನೆ, ಕರೆದುಕೊಂಡು ಹೋಗಲು ಅಲ್ಲ, ಕೇಳಲು. ನನ್ನ ಜೊತೆ ಮತ್ತೆ ಇರುತ್ತೀಯಾ? ಹೌದು ಅಂದರೂ ಸರಿ, ಇಲ್ಲ ಅಂದರೂ ಸರಿ ಅಂತ ಬರೆಯಲು ಹೊರಟಿದ್ದೆ. ಅದು ಸುಳ್ಳು. ಹೌದು ಅನ್ನು ಬೊಡಿಲ್.