ಎಷ್ಟು ಬಾಯಿಗೆ ಎಷ್ಟು ಹೊಗೆ

ಭಾಲ್ಕಿ
೧೨ ಏಪ್ರಿಲ್ ೧೯೫೭

ಚಂದ್ರಭಾಗಾಳ ತಂದೆಯವರಿಗೆ,

ಮೂರು ವರ್ಷದಿಂದ ನಿಮಗೊಂದು ಸಾಲು ಬರೆದವಳಲ್ಲ. ಕ್ಷೇಮ ಕೇಳಲು ಈಗಲೂ ಬರೆಯುತ್ತಿಲ್ಲ. ಏಳನೆಯ ತರಗತಿಯ ಪರೀಕ್ಷೆಯಲ್ಲಿ ನಿಮ್ಮ ಮಗಳು ಫೇಲಾಗಿದ್ದಾಳೆ. ಕಡಿಮೆ ಬಿದ್ದದ್ದು ಮೂರೇ ಅಂಕ.

ಹೆಡ್‌ಮಾಸ್ತರ ಮುಜೀಬೋದ್ದೀನ ಸಾಹೇಬರು ಉತ್ತರಪತ್ರಿಕೆ ತೋರಿಸಿದರು. ಹಿಂದುಸ್ತಾನ, ಬೆಲ್ಜಿಯಂ ಎರಡರಲ್ಲಿ ಕಲ್ಲಿದ್ದಲು ಸುಟ್ಟು ಹೆಚ್ಚು ಇಂಗಾಲಾಮ್ಲ ವಾಯು ಬಿಡುವ ದೇಶ ಯಾವುದು ಎಂಬ ಪ್ರಶ್ನೆಗೆ ಐದು ಅಂಕ. ಒಟ್ಟು ಲೆಕ್ಕದಲ್ಲಿ ನಮ್ಮದು ಮುಂದು, ಆದರೆ ನಾವು ನಲವತ್ತು ಕೋಟಿ, ಅವರು ಒಂದು ಕೋಟಿಯೂ ಇಲ್ಲ, ತಲೆಗೆ ಹಂಚಿದರೆ ಅವರದೇ ಎಷ್ಟೋ ಪಟ್ಟು ಹೆಚ್ಚು ಎಂದು ಬರೆದಿದ್ದಾಳೆ. ಅದರ ಮೇಲೆ ಕೆಂಪು ಗೆರೆ, ಸೊನ್ನೆ. ಪಕ್ಕದಲ್ಲಿ ‘ಪುಸ್ತಕದಲ್ಲಿದ್ದಷ್ಟೇ ಬರೆಯಬೇಕು’. ಬೀದರಿನಲ್ಲಿ ಕೂತು ಅದನ್ನು ತಿದ್ದಿದ ಮಾಸ್ತರರು ನೀವು. ನಿಮ್ಮ ಅಕ್ಷರದ ಗುರುತು ನನಗೆ ಯಾರೂ ಹೇಳಬೇಕಿಲ್ಲ.

ಮೈಸೂರು ಸರ್ಕಾರ ಬಂದ ಮೇಲೆ ಪರೀಕ್ಷೆ ನಡೆಸುವ ಹೊಸ ಸಾಹೇಬರ ಭಯ ನಿಮಗೆ. ಅವರು ಕೊಟ್ಟ ಮಾದರಿ ಉತ್ತರ ಮೀರಿ, ಅದೂ ಸ್ವಂತ ಮಗಳಿಗೆ ಅಂಕ ಕೊಟ್ಟರೆ ನೌಕರಿಗೆ ಕುತ್ತು. ನಿಮ್ಮ ಮೌನ ನನಗೆ ಹೊಸದಲ್ಲ.

ಬೀದರಿನ ಮನೆಯಲ್ಲಿ ಎರಡು ಒಲೆ ಇದ್ದವು. ನನ್ನದರಲ್ಲಿ ಹನ್ನೊಂದು ಮಂದಿಗೆ ರೊಟ್ಟಿ. ನಿಮ್ಮ ಅತ್ತಿಗೆಯದರಲ್ಲಿ ಗಂಡ ಹೆಂಡತಿ ಇಬ್ಬರ ಚಹಾ, ಸ್ನಾನದ ನೀರು, ದಿನವಿಡೀ. ಗೋಡೆ ಕಪ್ಪಾದಾಗ ನಿಮ್ಮ ತಾಯಿ ಎಲ್ಲರೆದುರು ಅಂದದ್ದು ನನಗೆ: “ಕಟ್ಟಿಗಿ ಎಲ್ಲಾ ಈಕೀನೇ ಸುಡ್ತಾಳ. ಮನಿ ಹಾಳ ಮಾಡಾಕಿ.” ಎಷ್ಟು ಬಾಯಿಗೆ ಎಂದು ಯಾರೂ ಕೇಳಲಿಲ್ಲ. ನೀವು ತಲೆ ತಗ್ಗಿಸಿ ನಾನು ಬಡಿದ ರೊಟ್ಟಿಯನ್ನೇ ಮುರಿಯುತ್ತಿದ್ದಿರಿ. ಹತ್ತು ವರ್ಷದ ಮಗಳು ಮಾತ್ರ, ಅವ್ವ ಹನ್ನೊಂದು ಮಂದಿಗೆ ಮಾಡುತ್ತಾಳಲ್ಲ ಎಂದಳು, ಏಟು ತಿಂದಳು. ಈ ಲೆಕ್ಕ ಅವಳು ಕಲಿತದ್ದು ಅಲ್ಲಿ. ಮರುದಿನ ನಾನು ಅವಳ ಕೈ ಹಿಡಿದು ತವರಿಗೆ ಬಂದೆ.

ಹೈಸ್ಕೂಲಿಗೆ ಸೇರದಿದ್ದರೆ ಅವಳನ್ನು ಔರಾದಿನ ವರನಿಗೆ ಕೊಡುವುದೆಂದು ನನ್ನಣ್ಣ ಬಕ್ಕಪ್ಪ ಮಾತು ಕೊಟ್ಟಾಗಿದೆ. ಅವನ ಮನೆಯಲ್ಲಿ ಉಣ್ಣುವ ನಾನು ಎಷ್ಟೆಂದು ಹಟ ಹಿಡಿಯಲಿ? ಸೋಮವಾರ ಅಂಕಪಟ್ಟಿ ಮೇಲಿನವರಿಗೆ ಹೋಗುತ್ತದೆಯಂತೆ, ಅಲ್ಲಿಯವರೆಗೆ ಅಂಕ ಬದಲಿಸಬಹುದಂತೆ. ನನಗೆ ನಿಮ್ಮ ದಯೆ ಬೇಡ. ಅವಳ ಉತ್ತರ ತಪ್ಪೆಂದು ಮನಸಾರೆ ಅನ್ನಿಸಿದ್ದರೆ ಸೊನ್ನೆಯೇ ಇರಲಿ. ಅನ್ನಿಸದಿದ್ದರೆ ಆ ಸಾಹೇಬರೆದುರು ಒಮ್ಮೆ ಬಾಯಿ ತೆರೆಯಿರಿ.

ನಿಮ್ಮ ಮನೆ ಬಿಟ್ಟರೂ ನಿಮ್ಮ ಹೆಸರಿನ ಕುಂಕುಮ ಬಿಡದ,
ಕಾಂತಾಬಾಯಿ

ತಾ.ಕ.: ಪತ್ರಿಕೆ ತಿದ್ದಿದವರು ಗುಲಬರ್ಗಾದ ಯಾರೋ ಮಾಸ್ತರರೆಂದು ಮಗಳಿಗೆ ಸುಳ್ಳು ಹೇಳಿದ್ದೇನೆ. ನಿನ್ನೆ ಅವಳು ಅಂದಳು: “ಅಪ್ಪ ನೋಡಿದ್ರ ಐದಕ್ಕ ಐದೂ ಕೊಡ್ತಿದ್ರು.”