ನೇತ್ರಾ ಬಂಡೆ ಇಳಿದದ್ದು

ಸರೋಜಕ್ಕಾ,

ನಾನು ಹಿಡಿದ ಹಗ್ಗದಲ್ಲಿ ಬಾವಿಗೆ ಇಳಿದ ನೀನು ಅಲ್ಲೇ ತೀರಿಕೊಂಡ ಮೇಲೆ ನಾನು ಹಗ್ಗ ಮುಟ್ಟಿರಲಿಲ್ಲ. ಇವತ್ತು ಶಿಗ್ಗಾಂವದ ಹತ್ತಿರ, ಬಂಡೆ ಇಳಿಯುವುದನ್ನು ಕಲಿಸಲು ವಸತಿ ಶಾಲೆಯವರು ನಿನ್ನ ಮಗಳು ನೇತ್ರಾಳನ್ನು ಸೊಂಟಕ್ಕೆ ಹಗ್ಗ ಕಟ್ಟಿ ದೊಡ್ಡ ಬಂಡೆಯಿಂದ ಇಳಿಸಿದರು. "ಹಗ್ಗ ಹಿಡಿಯೋದ್ರಾಗ ನನ್ನ ಮೀರ್ಸಿದಾಂವ ಇಡೀ ತಾಲೂಕಿನಾಗ ಇಲ್ರಿ" ಎಂದು ಜಂಬ ಕೊಚ್ಚಿ, ಮೇಲೆ ಮಾಸ್ತರ ಜೊತೆ ನಾನೂ ಹಿಡಿದೆ.

ನಡುವೆ ಹುಡುಗಿ ಹೆದರಿ ನಿಂತುಬಿಟ್ಟಳು. ಮೇಲಿನಿಂದ ಕಾಣುತ್ತಿರಲಿಲ್ಲ. ಬಾವಿಗೆ ಇಳಿದವರನ್ನು ಕೂಗಿ ಓಗೊಡಿಸುವುದು ನಮ್ಮ ರೂಢಿಯಲ್ಲವೇ? ಹಾಗೇ ಕೂಗಿದೆ. ಬಾಯಿಗೆ ಬಂದದ್ದು ನಿನ್ನ ಹೆಸರು.

"ನಾ ಅವ್ವ ಅಲ್ಲೋ ಮಾಮಾ, ನೇತ್ರಾ!" ಎಂದು ನಕ್ಕಳು. ನಗುತ್ತಲೇ ಇಳಿದಳು.

"ಇನ್ನ ಹಗ್ಗ ಬಿಡ್ರಿ ಕಾಕಾ, ಹುಡುಗಿ ನೆಲಾ ಮುಟ್ಯಾಳ," ಎಂದರು ಮಾಸ್ತರು.

ನನ್ನ ಕೈ ಬಿಚ್ಚಲಿಲ್ಲ ಅಕ್ಕಾ.

"ತಡೀರಿ," ಅಂದೆ, "ಕೆಳಗ ಇನ್ನೊಬ್ಬಾಕಿ ಅದಾಳ."