ಗವರ್ನರ್ ಬಂಗಲೆಯ ಹಿಂಬಾಗಿಲು

ಭಾನುವಾರ, ಸಂಜೆ ಐದು ಗಂಟೆ

ಯಾವಾಗಲೂ ಮುಂದೆ ನಡೆಯುವವರಿಗೆ, ಹಿಂದೆ ಉಳಿದವಳ ನಮಸ್ಕಾರಗಳು.

ಏಳು ತಿಂಗಳಾದ ಮೇಲೆ ಕಾಗದ ಬರೆಯುತ್ತಿದ್ದೇನೆ. ಅಕ್ಕನ ಮನೆಯಲ್ಲಿ ಹಾಯಾಗಿದ್ದೇನೆ ಎಂದು ಶುರು ಮಾಡಿ ಒಂದು ಹಾಳೆ ಹರಿದು ಹಾಕಿದೆ. ಹಾಯಾಗಿಲ್ಲ. ಅಕ್ಕ ಒಳ್ಳೆಯವಳೇ, ಆದರೆ ನಾನು ತೊಳೆದಿಟ್ಟ ತಟ್ಟೆಯನ್ನು ಮತ್ತೊಮ್ಮೆ ತೊಳೆಯುತ್ತಾಳೆ.

ಇವತ್ತು ಒಂದು ಎಡವಟ್ಟಾಯಿತು. ಬೇರೆಯವರ ಬಾಯಲ್ಲಿ ನೀವು ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ನಾನೂ ಸ್ವಂತವಾಗಿ ಪ್ರವಾಸಿಗರಿಗೆ ಊರು ತೋರಿಸಲು ಶುರು ಮಾಡಿದ್ದು ನಿಮಗೆ ಗೊತ್ತೇ ಇದೆ. ಗಡಿಯಾರ ಗೋಪುರದ ಬಳಿ ನಮ್ಮ ಗುಂಪುಗಳು ಎದುರಾದಾಗಲೆಲ್ಲ ನೀವು ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತೀರಿ. ಬಿಸಿಲಿಗೆ ಅಂದುಕೊಳ್ಳುತ್ತೇನೆ.

ಇವತ್ತು ಹನ್ನೊಂದು ಜನ ಇದ್ದರು. ಹತ್ತೊಂಬತ್ತು ವರ್ಷ ನೀವು ಮುಂದೆ ಮಾತಾಡುತ್ತ ಹೋದಿರಿ, ಏರು ಹತ್ತಲಾರದೆ ಏದುಸಿರು ಬಿಡುವವರನ್ನೂ ಫೋಟೋ ತೆಗೆಯುತ್ತ ನಿಲ್ಲುವವರನ್ನೂ ನಾನು ಹಿಂದಿನಿಂದ ಕೂಡಿಸಿಕೊಂಡು ಬಂದೆ. ಆ ಚಾಳಿ ಹೋಗಿಲ್ಲ. ಬಿಳಿಯರ ಕಾಲದ ಚರ್ಚಿನ ಮುಂದೆ ಕಥೆ ಹೇಳಿ ಮುಗಿಸಿ, ‘ನಡೀರಿ’ ಎಂದು ಎಲ್ಲರನ್ನೂ ಮುಂದೆ ಬಿಟ್ಟು ನಾನು ಕೊನೆಯಲ್ಲಿ ನಿಂತೆ. ಮುಂದೆ ನೀವಿಲ್ಲ ಎನ್ನುವುದು ನೆನಪಿಗೇ ಬರಲಿಲ್ಲ. ಎತ್ತರದ ಒಬ್ಬಾತ ಧೈರ್ಯವಾಗಿ ಕೈ ಬೀಸಿಕೊಂಡು ಹೊರಟ. ಅವನಿಗೆ ದಾರಿ ಗೊತ್ತೆಂದು ಉಳಿದವರು ಕುರಿಗಳ ಹಾಗೆ ಅವನ ಹಿಂದೆ, ನಾನು ಅವರ ಹಿಂದೆ. ಹೋಗಿ ನಿಂತದ್ದು ನಗರಸಭೆಯ ಕಸದ ಲಾರಿಗಳ ಶೆಡ್ಡಿನಲ್ಲಿ. ಪಾಪ, ಒಬ್ಬಾಕೆ ಅದನ್ನು ಗವರ್ನರನ ಕುದುರೆ ಲಾಯವೆಂದು ತಿಳಿದು ಫೋಟೋ ಕೂಡ ತೆಗೆದಳು.

ಎಣಿಸಿದರೆ ಹತ್ತೇ ಜನ. ಕೋಲು ಹಿಡಿದಿದ್ದ ನಿವೃತ್ತ ಮೇಷ್ಟ್ರು ನಾಪತ್ತೆ. ಎರಡು ಗಂಟೆ ಊರೆಲ್ಲ ಹುಡುಕಿದ ಮೇಲೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಸಿಕ್ಕರು. ಚರ್ಚಿನ ಹತ್ತಿರ ನಿಮ್ಮ ಗುಂಪಿಗೆ ಸೇರಿಕೊಂಡು ಊರು ಪೂರ್ತಿ ಸುತ್ತಿ ಬಂದಿದ್ದರು! ನಿಮ್ಮಲ್ಲಿ ಒಬ್ಬರು ಹೆಚ್ಚಾದದ್ದು ನಿಮಗೆ ಗೊತ್ತೇ ಆಗಲಿಲ್ಲವಲ್ಲ, ಹಿಂದೆ ತಿರುಗಿ ನೋಡಿದರೆ ತಾನೇ?

ನಗಬೇಕೆಂದುಕೊಂಡೆ. ಅಷ್ಟರಲ್ಲಿ ಮೇಷ್ಟ್ರು, ನಾನು ನಿಮ್ಮ ಹೆಂಡತಿಯೆಂದು ತಿಳಿಯದೆ, ಹೇಳಿದರು: ‘ಆ ಕೊಡೆ ಮನುಷ್ಯ ಚೆನ್ನಾಗಿ ಹೇಳ್ತಾನಮ್ಮ. ಬಂಗಲೆ ಹಿಂಬಾಗಿಲ ಹತ್ರ ಮಾತ್ರ ಕೊಡೆ ಮಡಚಿ ನಿಂತ್ಬಿಟ್ಟ. “ಇಲ್ಲಿ ನನ್ನ ಹೆಂಡ್ತಿಯ ಅಜ್ಜಿ ಮೂವತ್ತು ವರ್ಷ ಗವರ್ನರ್ ಬಟ್ಟೆಗೆ ಇಸ್ತ್ರಿ ಹಾಕಿದ್ರು, ಇದನ್ನ ಹೇಳ್ಬೇಕಾದವಳು ಇವತ್ತು ನಮ್ಮ ಜೊತೆ ಇಲ್ಲ” ಅಂದ.’

ಏಳು ತಿಂಗಳ ಹಿಂದೆ ಅದೇ ಬಾಗಿಲಲ್ಲಿ, ಇಲ್ಲಿ ಕೆಲಸ ಮಾಡುತ್ತಿದ್ದವರು ಯಾರೆಂದು ಒಬ್ಬ ಹುಡುಗಿ ಕೇಳಿದ್ದಳು. ನನ್ನ ಅಜ್ಜಿಯ ಕಥೆ ಗೊತ್ತಿದ್ದೂ, ಯಾರೋ ಆಳುಗಳು, ಅವರ ದಾಖಲೆ ಏನೂ ಇಲ್ಲ ಎಂದಿರಿ ನೀವು. ಅದೇ ಸಾಲಿನ ಕೊನೆಯಲ್ಲಿ ನಾನು ನಿಂತಿದ್ದೆ. ಮನೆಗೆ ಬಂದು ಜಗಳ ತೆಗೆದರೆ, ಕಲ್ಲಿನಲ್ಲೋ ಕಾಗದದಲ್ಲೋ ಇಲ್ಲದ್ದನ್ನು ನಾನು ಹೇಳುವುದಿಲ್ಲ ಎಂದಿರಿ. ಹಾಗಾದರೆ ನಿಮ್ಮ ಹೆಂಡತಿಯ ಮಾತಿಗೆ ಬೆಲೆಯೇ ಇಲ್ಲವೇ ಎಂದು ನಾನು ಪೆಟ್ಟಿಗೆ ಕಟ್ಟಿದೆ.

ಈಗ ಕಲ್ಲೂ ಇಲ್ಲದೆ ಕಾಗದವೂ ಇಲ್ಲದೆ, ಬರೀ ನನ್ನ ಮಾತು ನಂಬಿ ನಾಲ್ಕು ಜನರ ಮುಂದೆ ಹೇಳಿದಿರಿ. ಆ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ತಾವು ಕಳೆದುಹೋದದ್ದಕ್ಕೆ ಅಳುತ್ತಿದ್ದೇನೆಂದು ಮೇಷ್ಟ್ರು ಕರವಸ್ತ್ರ ಕೊಟ್ಟು ಸಮಾಧಾನ ಮಾಡಿದರು.

ನೀವಿಲ್ಲದೆ ನನಗೆ ಆಗುವುದಿಲ್ಲ. ಮುಂದೆ ನಡೆಯುವುದು ಕಲಿತರೆ ಬಂದೀತು, ಆದರೆ ಕಲಿಯುವ ಮನಸ್ಸಿಲ್ಲ. ಶನಿವಾರ ಬೆಳಿಗ್ಗೆ ನಿಮ್ಮ ಗುಂಪಿನ ಕೊನೆಯಲ್ಲಿ ಬಂದು ನಿಲ್ಲುತ್ತೇನೆ. ಹಿಂಬಾಗಿಲ ಹತ್ತಿರ ಮಾತ್ರ ನೀವು ಪಕ್ಕಕ್ಕೆ ಸರಿಯಬೇಕು, ನಾನು ಹೇಳುತ್ತೇನೆ. ಮಂಡಿನೋವಿನ ಎಣ್ಣೆ ಮೇಲಿನ ಕಪಾಟಿನಲ್ಲಿದೆ, ಹುಡುಕಿರಲಾರಿರಿ.

ಇಂತಿ,
ಬಿಟ್ಟುಬಂದರೂ ಬಿಡಲಾರದ ನಿಮ್ಮವಳು

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಅಜ್ಜಿ ಆ ಬಂಗಲೆಯಲ್ಲಿ ಇದ್ದದ್ದು ಮೂವತ್ತು ವರ್ಷವಲ್ಲ, ನಾಲ್ಕು ತಿಂಗಳು. ಒಂದು ಕಾಲರ್ ಸುಟ್ಟದ್ದಕ್ಕೆ ಹೊರಗೆ ಹಾಕಿದರು. ನಿಮ್ಮನ್ನು ಮೊದಲ ಸಲ ಕಂಡಾಗ ಇಸವಿ, ತಾರೀಖು ಎಂದು ಅಷ್ಟೆಲ್ಲ ಹೇಳುತ್ತಿದ್ದಿರಿ; ನನ್ನ ಕಡೆಯೂ ಏನಾದರೂ ದೊಡ್ಡದಿರಲಿ ಎಂದು ಹೇಳಿಬಿಟ್ಟೆ. ಆಮೇಲೆ ತಿದ್ದುವ ಧೈರ್ಯ ಬರಲಿಲ್ಲ. ಜನ್ಮದಲ್ಲಿ ದಾಖಲೆಯಿಲ್ಲದ ಒಂದೇ ಒಂದು ಮಾತು ಆಡಿದಿರಿ, ಅದೂ ನನಗಾಗಿ, ಅದೂ ಸುಳ್ಳು. ಸಿಟ್ಟು ಮಾಡುವ ಸರದಿ ಈಗ ನಿಮ್ಮದು. ಶನಿವಾರ ನಾನಂತೂ ಬರುತ್ತೇನೆ. ಹೊರಡುವ ಮೊದಲು ಒಂದು ಸಲ ಹಿಂದೆ ತಿರುಗಿ ಎಣಿಸಿ.